ಮನೆ ಮಂಜೂರು, ಜಾಗ ನಾಮಂಜೂರು



ಮುಧೋಳ ಅಂದಕೂಡಲೆ ಬಾಗಲಕೋಟೆ ಕಡೆಯ ಮುಧೋಳ ಅಂದುಕೊಳ್ಳಬೇಡಿ. ಇದು ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮುಧೋಳ, ತೆಲಂಗಾಣದ ಗಡಿಗೆ ಹತ್ತಿರದ್ದು. ಈ ಸೀಮೆಯ ನೆಲದ ಕೆಳಗೆ ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟು ತಯಾರಾಗುತ್ತದೆ. ಶಹಾಬಾದ ಫರ್ಸಿ ದೂರದೂರದ ಊರುಗಳ ಮನೆಗಳಿಗೆ ಹಾಸಿದೆ. ಕಲ್ಲು ನಮ್ಮ ನೆಲದ್ದು, ಸಿಮೆಂಟು ನಮ್ಮ ನೆಲದ್ದು, ಹೊತ್ತ ತಲೆ ನಮ್ಮದು. ಆದರೆ ಕಲ್ಲು ಒಡೆದವನ ಮಗ ಮದುವೆಯಾಗಿ ಬೇರೆ ಒಲೆ ಹೂಡಬೇಕೆಂದರೆ ಹತ್ತು ಅಡಿ ಜಾಗ ಇಲ್ಲ!

ಸರಕಾರದ ಹತ್ತಿರ ಯೋಜನೆ ಇಲ್ಲವೆ? ಬೇಕಾದಷ್ಟು ಇವೆ. ದೇವರಾಜ ಅರಸರ ಕಾಲಕ್ಕೆ ಜನತಾ ಮನೆ ಬಂತು. 1985ರಲ್ಲಿ ಇಂದಿರಾ ಆವಾಸ್ ಬಂತು, ಮೊದಲಿಗೆ ಪರಿಶಿಷ್ಟರಿಗೆ, ಜೀತ ಬಿಟ್ಟು ಬಂದವರಿಗೆ ಅಂತಲೇ ಬಂತು. ಆಮೇಲೆ ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಆಯಿತು. ಹೆಸರು ಬದಲಾಗುತ್ತಲೇ ಬಂದವು. ಬದಲಾಗದೆ ಉಳಿದದ್ದು ಪಂಚಾಯತಿಯ ಒಂದೇ ಪ್ರಶ್ನೆ: "ನಿನ್ನ ಹೆಸರಿಲೆ ಜಾಗಾ ಐತೇನು?"

ಗುಟ್ಟು ಇರುವುದು ಇಲ್ಲೇ. ಲೆಕ್ಕದಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು ವಸತಿರಹಿತರದು. ಇವರಿಗೆ ಜಾಗ ಉಂಟು, ಮನೆ ಇಲ್ಲ. ಇನ್ನೊಂದು ನಿವೇಶನರಹಿತರದು. ಇವರಿಗೆ ಎರಡೂ ಇಲ್ಲ. ಮನೆ ಕಟ್ಟುವ ದುಡ್ಡು ಮೊದಲ ಪಟ್ಟಿಗೆ ಹೋಗುತ್ತದೆ. ಎರಡನೆಯ ಪಟ್ಟಿ ಕಪಾಟಿನಲ್ಲಿ ಕೂತು ಧೂಳು ತಿನ್ನುತ್ತದೆ. ಸ್ವಲ್ಪ ಇದ್ದವನಿಗೆ ಮತ್ತಷ್ಟು, ಏನೂ ಇಲ್ಲದವನಿಗೆ "ಮುಂದಿನ ಸಲ ನೋಡೂಣು". ಪುರಸಭೆಗಳಲ್ಲೂ ಇದೇ ಪಾಠ.

ಆ ಎರಡನೆಯ ಪಟ್ಟಿಯಲ್ಲಿ ನಮ್ಮವರೇ ಯಾಕೆ ತುಂಬಿದ್ದಾರೆ? ಕೇರಿಯ ಅಳತೆ ಹಾಕಿದವರು ನಾವಲ್ಲ, ಊರು. ಇಷ್ಟೇ ನಿಮ್ಮದು, ಇದರಾಚೆ ಕಾಲಿಡಬೇಡಿ ಎಂದಿತು. ಕೇರಿಯ ಸುತ್ತ ಊರಿನವರ ಹೊಲ. ಅಜ್ಜನ ಒಂದು ಗುಡಿಸಲಿದ್ದಲ್ಲಿ ಈಗ ಮೂರು ಮೊಮ್ಮಕ್ಕಳ ಮೂರು ಒಲೆ. ಸೊಸೆಗೆ ಬಟ್ಟೆ ಬದಲಿಸಲು ಮರೆ ಇಲ್ಲ, ಓದುವ ಹುಡುಗಿಗೆ ದೀಪದ ಮೂಲೆ ಇಲ್ಲ. ಆದರೂ ಪಂಚಾಯತಿ ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ: "ನಮ್ಮೂರಾಗ ಮನಿ ಇಲ್ಲದವರು ಯಾರದಾರ್ರೀ?"

ಅವರ ಕಣ್ಣಿಗೆ ಬೀದಿಯಲ್ಲಿ ಮಲಗಿದವನೊಬ್ಬನೇ ಮನೆ ಇಲ್ಲದವನು. ಅಂಥವರನ್ನು 2011ರ ಜನಗಣತಿ ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಎಂದು ಎಣಿಸಿತು. 2012ರಲ್ಲಿ ಕೇಂದ್ರ ಸರಕಾರದ ತಜ್ಞರ ಗುಂಪೊಂದು ಪಟ್ಟಣಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆ ಇದೆ ಎಂದಿತು. ಅದರಲ್ಲಿ ನೂರಕ್ಕೆ 80ರಷ್ಟು ಕೊರತೆ ಒಂದೇ ಸೂರಿನ ಕೆಳಗಿನ ಇಕ್ಕಟ್ಟಿನದು. ಪಟ್ಟಣದ ಲೆಕ್ಕವೇ ಹೀಗಾದರೆ ಕೇರಿಯ ಲೆಕ್ಕ ಹಾಕಿದವರು ಯಾರು?

"ಸರಕಾರಿ ಜಾಗಾನೇ ಇಲ್ಲ" ಎಂಬುದು ಇವರ ಕೊನೆಯ ಅಸ್ತ್ರ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ನಿಯಮ ಓದಿ ನೋಡಿ. ಜಾಗ ಇಲ್ಲದ ಫಲಾನುಭವಿಗೆ ಜಾಗ ಒದಗಿಸುವುದು ರಾಜ್ಯದ ಹೊಣೆ ಎಂದು ಅದರಲ್ಲೇ ಬರೆದಿದೆ. ಖಾಸಗಿ ಹೊಲ ಮುಟ್ಟುವಂತಿಲ್ಲವೆ? ಉತ್ತರ ಪ್ರದೇಶದಲ್ಲಿ ದಲಿತರ ಮನೆಗಳಿಗೆಂದು ಸರಕಾರ ಜಮೀನು ವಶಮಾಡಿಕೊಂಡಾಗ ಜಮೀನಿನವರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಚಮೇಲಿ ಸಿಂಗ್ ಮೊಕದ್ದಮೆ. 1995ರ ಡಿಸೆಂಬರಿನಲ್ಲಿ ಕೋರ್ಟು ವಶಮಾಡಿಕೊಂಡದ್ದು ಸರಿ ಎಂದಿತು. ವಸತಿ ಬದುಕುವ ಹಕ್ಕಿನ ಭಾಗ ಎಂದೂ ಹೇಳಿತು.

ಅಷ್ಟು ದೂರ ಯಾಕೆ? 2023ರ ಜನವರಿ 19ರಂದು ನಮ್ಮ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಪ್ರಧಾನಿ ಮೋದಿ ಬಂದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆ ಇಲ್ಲದ ವಸತಿಗಳು ಕಂದಾಯ ಗ್ರಾಮಗಳಾಗಿದ್ದವು. ಅಲ್ಲಿನ 50 ಸಾವಿರಕ್ಕೂ ಹೆಚ್ಚು ಮಂದಿಗೆ ಹಕ್ಕುಪತ್ರ ಎಂದು ಸಾರಿದರು. ತಾಂಡಾದ ಜನ ತಲೆಮಾರು ಕಾದು ಪಡೆದ ಹಕ್ಕು ಅದು. ಅವರ ಸಂತೋಷ ನಮ್ಮದೂ ಹೌದು. ಆದರೆ ಕೇರಿ ಹಳ್ಳಿಯ ದಾಖಲೆಯೊಳಗೇ ಇದೆ. ಅದರ ಇಕ್ಕಟ್ಟಿಗೆ ಆ ಕಾನೂನಿನಲ್ಲಿ ಮದ್ದಿಲ್ಲ. ಕಲಿಯಬೇಕಾದ ಪಾಠ ಒಂದೇ: ಮನಸ್ಸು ಮಾಡಿದರೆ ಸರಕಾರ ಕಾನೂನು ತಿದ್ದುತ್ತದೆ, ಭೂಮಿ ಅಳೆಯುತ್ತದೆ, ಕಾಗದ ಬರೆಯುತ್ತದೆ. ಮನಸ್ಸು ಮಾಡಿಸುವುದು ಸಂಘಟನೆ.

ಹಾಗಾದರೆ ನೀವು ಮಾಡಬೇಕಾದದ್ದೇನು? ರಜೆಗೆ ಊರಿಗೆ ಹೋದಾಗ ಕೇರಿಯ ಮನೆಗಳನ್ನು ಎಣಿಸಬೇಡಿ, ಒಲೆಗಳನ್ನು ಎಣಿಸಿ. ಯಾವ ಸೂರಿನಡಿ ಎಷ್ಟು ಸಂಸಾರ, ಹೆಸರು ಸಮೇತ ಬರೆಯಿರಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕೆಂದು ಕಾನೂನಿದೆ. ಫಲಾನುಭವಿಗಳ ಪಟ್ಟಿ ಅಲ್ಲಿ ಒಪ್ಪಿಗೆಯಾಗಬೇಕು, ಯಾರದೋ ಪಡಸಾಲೆಯಲ್ಲಲ್ಲ. ಅವ್ವ, ಅಕ್ಕಂದಿರನ್ನು ಮುಂದೆ ಕೂಡಿಸಿ ನಿವೇಶನರಹಿತರ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಬಿಟ್ಟ ಹೆಸರುಗಳಿಗೆ ಅರ್ಜಿ ಕೊಡಿ, ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. ಪಟ್ಟಿ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ನಿಮ್ಮ ಕೈಯಲ್ಲಿದೆ.

"ಓದೋ ಹುಡುಗರಿಗೆ ಇದೆಲ್ಲ ಯಾಕ?" ಎಂದು ಹಿರಿಯರು ಹೇಳಬಹುದು. ನಮಗೆ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕಿದೆ. ತಂಗಿಗೆ ಇನ್ನೂ ಮೂಲೆ ಸಿಕ್ಕಿಲ್ಲ. ಅಕ್ಷರ ಕಲಿತದ್ದು ಅರ್ಜಿ ಬರೆಯಲಿಕ್ಕೂ ಹೌದು. ಮೊದಲು ಜಾಗ, ಆಮೇಲೆ ಮನೆ. ಕೇಳುವುದಾದರೆ ಜಾಗವನ್ನೇ ಕೇಳೋಣ.

ಜೈ ಭೀಮ್!