ಪಾವತಿ ಹಿಂದಿನ ಸಣ್ಣ ಅಕ್ಷರ

ಬೀಜದ ಅಂಗಡಿಯವನ ಮಾತು ನೀವೂ ಕೇಳಿದ್ದೀರಿ: ‘ಎಕರೆಗೆ ಹನ್ನೆರಡು ಕ್ವಿಂಟಲ್ ಹತ್ತಿ ಗ್ಯಾರಂಟಿ ರೀ, ಹುಳದ ಕಾಟ ಇಲ್ಲ.’ ರೊಕ್ಕ ಎಣಿಸಿಕೊಟ್ಟ ಮ್ಯಾಲೆ ಪಾವತಿ ತಿರುವಿ ನೋಡ್ರಿ. ಇರುವೆಯಂಥ ಅಕ್ಷರದಾಗ ‘ಇಳುವರಿಗೆ ಕಂಪನಿ ಜವಾಬ್ದಾರಿಯಲ್ಲ, ಬೀಜದ ಬೆಲೆಗಿಂತ ಹೆಚ್ಚು ಪರಿಹಾರವಿಲ್ಲ’ ಅಂತ ಇರತೈತಿ. ಹಂಗಾದರೆ ಸಾಲ ಎತ್ತಿ ಹಾಕಿದ ಗೊಬ್ಬರ, ಆಳಿನ ಪಗಾರ, ಕೈಬಿಟ್ಟ ಹಂಗಾಮು ಯಾರ ಲೆಕ್ಕಕ್ಕೆ?

ನಮ್ಮ ಬೆಂಗೇರಿಯ ಖಾದಿ ಸಂಘದಾಗ ರಾಷ್ಟ್ರಧ್ವಜ ಹೊಲಿಯುತ್ತಾರೆ. ಅದರ ಬಟ್ಟೆ, ಬಣ್ಣ, ಅಳತೆ ಎಲ್ಲಕ್ಕೂ ಮಾನಕ ಬ್ಯೂರೋದ ನಿಯಮ ಐತಿ. ಹತ್ತಿಬೀಜ ಮಾರುವವನ ನಾಲಿಗೆಗೆ ಮಾತ್ರ ಅಳತೆ ಬ್ಯಾಡವೇನು?

ಕಾಯ್ದೆ ಅಷ್ಟು ಕುರುಡಲ್ಲ. ಬರೇ ‘ಛಲೋ ಬೀಜ’ ಅಂದದ್ದು ಬಡಾಯಿ, ಕೋರ್ಟು ಕಿವಿಗೆ ಹಾಕಿಕೊಳ್ಳೋದಿಲ್ಲ. ಆದರೆ ಸುಳ್ಳು ಸಂಗತಿ ಹೇಳಿ ಒಪ್ಪಿಸಿದ ವ್ಯಾಪಾರವನ್ನು ಮೋಸಹೋದವನು ರದ್ದು ಮಾಡಬಹುದೆಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮವು ಆಂಧ್ರದ ರೈತರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಬೀಜ ಕೊಂಡ ರೈತ ಗ್ರಾಹಕನೇ, ಕರಾರಿನಲ್ಲಿ ಮಧ್ಯಸ್ಥಿಕೆಯ ಕಲಮು ಇದ್ದರೂ ಗ್ರಾಹಕ ನ್ಯಾಯಾಲಯದ ಬಾಗಿಲು ಮುಚ್ಚದು ಎಂದಿತು ಕೋರ್ಟು. ಎಲ್ಲಾ ಬಿತ್ತಿದವ ಪರೀಕ್ಷೆಗೆಂದು ಬೀಜ ಉಳಿಸಿಡಬೇಕೆಂಬ ವಾದವನ್ನೂ ಒಪ್ಪಲಿಲ್ಲ. (ಆ ವಾದ ಮಾಡಿದ ವಕೀಲರು ಕೂರಿಗೆ ಕಂಡಿದ್ದರೋ ಇಲ್ಲೋ!) 2019ರ ಗ್ರಾಹಕ ಕಾಯ್ದೆಯಲ್ಲಂತೂ ಅನ್ಯಾಯದ ಕರಾರನ್ನು ರದ್ದು ಮಾಡುವ ಅಧಿಕಾರ ರಾಜ್ಯ ಆಯೋಗಕ್ಕೇ ಐತಿ.

ಅದಕ್ಕ, ಬಾಯಲ್ಲಿ ಹೇಳಿದ ಕ್ವಿಂಟಲ್ ಲೆಕ್ಕ ಪಾವತಿ ಮ್ಯಾಲೆ ಬರೆದು ಸಹಿ ಹಾಕಪಾ ಅಂತ ಕೇಳ್ರಿ. ಬರೆಯದವನ ಅಂಗಡಿ ಬಿಡ್ರಿ. ಲಾಟ್ ನಂಬರಿನ ಪಾಕೀಟು ಒಗೀಬ್ಯಾಡ್ರಿ. ಬೆಳೆ ಕೈಕೊಟ್ಟರೆ, ಗಿಡ ಕೀಳುವ ಮುಂಚೆ ಕೃಷಿ ಅಧಿಕಾರಿಯನ್ನ ಹೊಲಕ್ಕೆ ಕರೆಸಿ ವರದಿ ಬರೆಸಿಕೊಂಡು, ಧಾರವಾಡದ ಗ್ರಾಹಕ ಆಯೋಗಕ್ಕೆ ನಡೀರಿ.