ಉಪಗ್ರಹ ರೇಡಿಯೋ: ದುಡ್ಡು ಕೊಟ್ಟ ಕೇಳುಗನಿಗೂ ದಿಕ್ಕಿಲ್ಲ

ಬೆಂಗಳೂರು: ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದತ್ತ ಸಾಗುವ ವಾಹನಗಳಲ್ಲಿ ನಿತ್ಯವೂ ನಡೆಯುವ ಒಂದು ಸಣ್ಣ ಕ್ರಿಯೆಯಿದೆ. ಹಾಡು ಮುಗಿದು ಜಾಹೀರಾತು ಆರಂಭವಾದೊಡನೆ ಬೆರಳು ರೇಡಿಯೋದ ಗುಂಡಿಯತ್ತ ಹೋಗುತ್ತದೆ. 91.1ರಿಂದ 92.7ಕ್ಕೆ, ಅಲ್ಲಿಂದ 98.3ಕ್ಕೆ. ಅಲ್ಲೂ ಜಾಹೀರಾತೇ ಕಾದಿರುತ್ತದೆ. ನಿವೇಶನ, ಚಿನ್ನ, ಕೋಚಿಂಗ್ ಕೇಂದ್ರಗಳ ಸರಮಾಲೆ ಮುಗಿಯುವ ಹೊತ್ತಿಗೆ ಮೊದಲ ನಿಲಯದಲ್ಲಿ ಹಾಡು ಅರ್ಧ ಮುಗಿದಿರುತ್ತದೆ.

ಈ ಜಾಹೀರಾತುಗಳಿಂದ ಪಾರಾಗುವ ದಾರಿಯೊಂದು ಇದೇ ನಗರದಲ್ಲಿ ಒಮ್ಮೆ ತೆರೆದಿತ್ತು. ವರ್ಷಕ್ಕೊಮ್ಮೆ ಚಂದಾ ಕಟ್ಟಿದರೆ ಇಡೀ ದಿನ ಜಾಹೀರಾತಿನ ಕಾಟವಿಲ್ಲದ ಸಂಗೀತ ಉಪಗ್ರಹದಿಂದ ನೇರವಾಗಿ ಮನೆಗೆ ಬರುತ್ತಿತ್ತು. ಸೇವೆಯ ಹೆಸರು ವರ್ಲ್ಡ್‌ಸ್ಪೇಸ್. 2009ರ ಡಿಸೆಂಬರ್ 31ರಂದು ಅದು ಭಾರತದಲ್ಲಿ ಬಾಗಿಲು ಮುಚ್ಚಿತು. ಹಣ ಕೊಟ್ಟು ಕೇಳುವ, ನೋಡುವ ಸೇವೆಗಳು ಪ್ರತಿ ಮೊಬೈಲಿನಲ್ಲೂ ನೆಲೆಸಿರುವ ಈ ದಿನಗಳಲ್ಲಿ ಆ ಪ್ರಕರಣವನ್ನು ಮತ್ತೆ ಅವಲೋಕಿಸುವುದು ಅಗತ್ಯವಾಗಿದೆ. ಅಂದು ಉತ್ತರ ಸಿಗದೆ ಉಳಿದ ಪ್ರಶ್ನೆಗೆ ಇಂದಿಗೂ ಸಮರ್ಪಕ ಉತ್ತರ ಸಿಕ್ಕಿಲ್ಲ.

ಎಫ್‌ಎಂ ತಂದ ಗದ್ದಲ

ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಯುಗ ಆರಂಭವಾದದ್ದು 2001ರ ಜುಲೈ 3ರಂದು, ರೇಡಿಯೋ ಸಿಟಿಯ ಪ್ರಸಾರದೊಂದಿಗೆ. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಇದೇ ನಗರದಿಂದ ಮಾತನಾಡಿತು ಎಂಬುದು ಹೆಮ್ಮೆಯ ಸಂಗತಿ. ಆಗ ಪರವಾನಗಿ ಶುಲ್ಕ ನಿಗದಿತವಾಗಿತ್ತು, ವರ್ಷದಿಂದ ವರ್ಷಕ್ಕೆ ಏರುತ್ತಲೂ ಇತ್ತು. 2005ರ ಎರಡನೇ ಹಂತದ ನೀತಿಯಲ್ಲಿ ಅದನ್ನು ಬದಲಿಸಿ, ಒಮ್ಮೆ ಕಟ್ಟುವ ಪ್ರವೇಶ ಶುಲ್ಕ ಮತ್ತು ಆದಾಯದ ಶೇ. 4ರಷ್ಟು ಪಾಲು ಎಂಬ ವ್ಯವಸ್ಥೆಯನ್ನು ತರಲಾಯಿತು. ಪರಿಣಾಮವಾಗಿ 2006-07ರ ಹೊತ್ತಿಗೆ ಮಿರ್ಚಿ, ಬಿಗ್, ಎಸ್ ಎಫ್‌ಎಂ, ರೇಡಿಯೋ ಒನ್, ಫೀವರ್, ಇಂಡಿಗೋ ಮುಂತಾದ ನಿಲಯಗಳು ಒಂದರ ಹಿಂದೊಂದರಂತೆ ನಗರಕ್ಕೆ ಬಂದವು. 2015ರ ಮೂರನೇ ಹಂತದ ಹರಾಜಿನಲ್ಲಿ ಬೆಂಗಳೂರಿನ ಒಂದು ತರಂಗಾಂತರದ ಬೆಲೆ 100 ಕೋಟಿ ರೂಪಾಯಿ ದಾಟಿತು.

ಈ ಹಣವೆಲ್ಲ ಎಲ್ಲಿಂದ ಬರಬೇಕು? ಕೇಳುಗ ಒಂದು ಪೈಸೆಯನ್ನೂ ಕೊಡುವುದಿಲ್ಲ. ಆದ್ದರಿಂದ ನಿಲಯಕ್ಕೆ ನಿಜವಾದ ಗಿರಾಕಿ ಜಾಹೀರಾತುದಾರನೇ ಹೊರತು ಕೇಳುಗನಲ್ಲ. ಜಾಹೀರಾತುದಾರನಿಗೆ ಬೇಕಾದದ್ದು ಅತಿ ಹೆಚ್ಚು ಕಿವಿಗಳು. ಅತಿ ಹೆಚ್ಚು ಕಿವಿಗಳು ಸಿಗುವುದು ಹೊಸ ಚಿತ್ರಗೀತೆಗೆ. ಹೀಗಾಗಿ ನಿಲಯಗಳ ಸಂಖ್ಯೆ ಎಷ್ಟೇ ಹೆಚ್ಚಿದರೂ ಹಾಡುಗಳ ಪಟ್ಟಿ ಹೆಚ್ಚೂಕಡಿಮೆ ಒಂದೇ ಆಗಿ ಉಳಿಯಿತು. ಆರಂಭದ ವರ್ಷಗಳಲ್ಲಿ ಕನ್ನಡದ ರಾಜಧಾನಿಯ ಖಾಸಗಿ ನಿಲಯಗಳಲ್ಲಿ ಹಿಂದಿ ಹಾಡುಗಳದ್ದೇ ಅಬ್ಬರವಾಗಿತ್ತು. ಕನ್ನಡಕ್ಕೂ ಮಾರುಕಟ್ಟೆಯಿದೆ ಎಂಬುದು ಮನವರಿಕೆಯಾದ ಮೇಲಷ್ಟೇ ಹಲವು ನಿಲಯಗಳು ಕನ್ನಡದತ್ತ ಹೊರಳಿದವು. ಜಾಹೀರಾತು ಹಾಡಿನ ಮಧ್ಯೆ ಬರುವ ಅಡಚಣೆ ಮಾತ್ರವಲ್ಲ, ಯಾವ ಭಾಷೆಯ ಯಾವ ಹಾಡು ಬರಬೇಕೆಂಬುದನ್ನೂ ಅದೇ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಕಾಶದಿಂದ ಇಳಿದ ಸಂಗೀತ

ಇಥಿಯೋಪಿಯಾ ಮೂಲದ ನೋವಾ ಸಮಾರಾ 1990ರಲ್ಲಿ ಸ್ಥಾಪಿಸಿದ ವರ್ಲ್ಡ್‌ಸ್ಪೇಸ್, ಆಫ್ರಿಕಾ ಮತ್ತು ಏಷ್ಯಾದ ಜನರಿಗೆ ಉಪಗ್ರಹದ ಮೂಲಕ ರೇಡಿಯೋ ತಲುಪಿಸುವ ಉದ್ದೇಶ ಹೊಂದಿತ್ತು. 1998ರ ಅಕ್ಟೋಬರ್‌ನಲ್ಲಿ ಆಫ್ರಿಸ್ಟಾರ್, 2000ದ ಮಾರ್ಚ್‌ನಲ್ಲಿ ಏಷ್ಯಾಸ್ಟಾರ್ ಉಪಗ್ರಹಗಳು ಕಕ್ಷೆ ಸೇರಿದವು. ಭಾರತದ ಕಾರ್ಯಾಚರಣೆಗೆ ಬೆಂಗಳೂರೇ ಕೇಂದ್ರವಾಯಿತು. ಇದೇ ನಗರದ ಬಿಪಿಎಲ್ ಸಂಸ್ಥೆ ರಿಸೀವರ್‌ಗಳನ್ನು ಮಾರಾಟಕ್ಕೆ ತಂದಿತು. ಸಂಗೀತ ನಿರ್ದೇಶಕ ಎ.ಆರ್. ರೆಹಮಾನ್ ಪ್ರಚಾರ ರಾಯಭಾರಿಯಾದರು.

ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಹಿಂದೂಸ್ತಾನಿಗೆ 'ಗಂಧರ್ವ', ಹಳೆಯ ಹಿಂದಿ ಗೀತೆಗಳಿಗೆ 'ಫರಿಷ್ತಾ', ಕನ್ನಡಕ್ಕೆ 'ಸ್ಪರ್ಶ'. ಪ್ರತಿ ಅಭಿರುಚಿಗೂ ಒಂದು ವಾಹಿನಿಯಿತ್ತು. ಜಾಹೀರಾತಿನ ಹಂಗಿಲ್ಲದ ಕಾರಣ ಒಂದು ರಾಗವನ್ನು ಆಲಾಪನೆಯಿಂದ ತನಿ ಆವರ್ತನದವರೆಗೆ ಮುರಿಯದೆ ಕೇಳಿಸುವುದು ಸಾಧ್ಯವಾಯಿತು. ನಲವತ್ತು ನಿಮಿಷದ ರಾಗ-ತಾನ-ಪಲ್ಲವಿಗೆ ಯಾವ ಖಾಸಗಿ ಎಫ್‌ಎಂ ನಿಲಯದಲ್ಲೂ ಜಾಗವಿರಲಿಲ್ಲ. ಚಂದಾದಾರರು ಹಣ ಕೊಟ್ಟದ್ದು ಬರಿಯ ಮೌನಕ್ಕಲ್ಲ, ಈ ಆಯ್ಕೆಗೆ.

ಆದರೆ ತಾಂತ್ರಿಕ ಮಿತಿಯೊಂದು ಮೊದಲಿನಿಂದಲೂ ಇತ್ತು. ಏಷ್ಯಾಸ್ಟಾರ್ ಇದ್ದದ್ದು ಸಮಭಾಜಕದ ಮೇಲೆ 105 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅಂದರೆ ಬೆಂಗಳೂರಿಗೆ ಪೂರ್ವ ಮತ್ತು ಆಗ್ನೇಯದ ನಡುವಿನ ದಿಕ್ಕಿನಲ್ಲಿ. ಆ ದಿಕ್ಕಿಗೆ ಕಿಟಕಿಯೋ ಬಾಲ್ಕನಿಯೋ ಇದ್ದವರ ಮನೆಯಲ್ಲಿ ಪುಟ್ಟ ಆಂಟೆನಾ ಸಲೀಸಾಗಿ ಕೆಲಸ ಮಾಡುತ್ತಿತ್ತು. ಎದುರಿಗೆ ಬಹುಮಹಡಿ ಕಟ್ಟಡವೋ ದಟ್ಟ ಮರವೋ ಇದ್ದರೆ ಸಂಕೇತ ಕಡಿದುಹೋಗುತ್ತಿತ್ತು. ಚಲಿಸುವ ಕಾರಿನಲ್ಲಿ ನಗರದೊಳಗೆ ಕೇಳಬೇಕಾದರೆ ನೆಲದ ಮೇಲೆ ಮರುಪ್ರಸಾರ ಗೋಪುರಗಳು ಬೇಕು. ಅಮೆರಿಕದ ಉಪಗ್ರಹ ರೇಡಿಯೋ ಗೆದ್ದದ್ದೇ ಕಾರಿನಲ್ಲಿ. ಭಾರತದಲ್ಲಿ ಅದಕ್ಕೆ ಅವಕಾಶ ಒದಗಲಿಲ್ಲ. ಉಪಗ್ರಹ ರೇಡಿಯೋ ಕುರಿತು ಟ್ರಾಯ್ 2005ರ ಜೂನ್‌ನಲ್ಲಿ ಶಿಫಾರಸು ನೀಡಿತ್ತು. ಆದರೆ ಸೇವೆ ನಿಲ್ಲುವವರೆಗೂ ಕೇಂದ್ರ ಸರ್ಕಾರದಿಂದ ಅದಕ್ಕೆಂದೇ ಒಂದು ನೀತಿ ಹೊರಬೀಳಲಿಲ್ಲ.

ಅಮೆರಿಕದಲ್ಲಿ ನಡೆದದ್ದೇನು?

ಜಾಹೀರಾತಿನ ಕಾರಣಕ್ಕೆ ಕೇಳುಗರು ಒಂದು ಉಪಗ್ರಹ ಸೇವೆಯನ್ನು ಇನ್ನೊಂದರೊಂದಿಗೆ ತೂಗಿ ನೋಡಿದ ದೇಶ ಅಮೆರಿಕ. ಅಲ್ಲಿ ಎಕ್ಸ್ಎಂ 2001ರಲ್ಲಿ, ಸಿರಿಯಸ್ 2002ರಲ್ಲಿ ಆರಂಭವಾದವು. ಸಿರಿಯಸ್ ತನ್ನ ಸಂಗೀತ ವಾಹಿನಿಗಳಲ್ಲಿ ಜಾಹೀರಾತೇ ಇಲ್ಲವೆಂದು ಸಾರಿತು. ಎಕ್ಸ್ಎಂನ ಹಲವು ವಾಹಿನಿಗಳಲ್ಲಿ ಜಾಹೀರಾತು ಇತ್ತು. ಸ್ಪರ್ಧೆಯ ಬಿಸಿ ತಟ್ಟಿ 2004ರಲ್ಲಿ ಎಕ್ಸ್ಎಂ ಕೂಡ ಸಂಗೀತ ವಾಹಿನಿಗಳಿಂದ ಜಾಹೀರಾತನ್ನು ತೆಗೆಯಿತು. ಆದರೆ ಕ್ಲಿಯರ್ ಚಾನೆಲ್ ಎಂಬ ಪಾಲುದಾರ ಸಂಸ್ಥೆಯೊಂದಿಗಿನ ಹಳೆಯ ಒಪ್ಪಂದದ ವಿವಾದ ಮಧ್ಯಸ್ಥಿಕೆಗೆ ಹೋಗಿ, 2006ರಲ್ಲಿ ಕೆಲವು ವಾಹಿನಿಗಳಿಗೆ ಜಾಹೀರಾತು ಮರಳಿತು. ಚಂದಾ ಕಟ್ಟಿದವನಿಗೂ ಜಾಹೀರಾತು ತಪ್ಪಲಿಲ್ಲ.

ಆದರೂ ಅಲ್ಲಿನ ಕೇಳುಗನಿಗೆ ಒಂದು ಬಲವಿತ್ತು. ಎಕ್ಸ್ಎಂ ಬೇಡವೆಂದರೆ ಸಿರಿಯಸ್ ಇತ್ತು. 2008ರ ಜುಲೈನಲ್ಲಿ ಎರಡೂ ವಿಲೀನವಾದ ಮೇಲೆ ಆ ಬಲವೂ ಹೋಯಿತು. ಮರುವರ್ಷವೇ ದಿವಾಳಿಯ ಅಂಚಿಗೆ ಬಂದಿದ್ದ ಸಂಯುಕ್ತ ಸಂಸ್ಥೆಯನ್ನು ಲಿಬರ್ಟಿ ಮೀಡಿಯಾದ ಸಾಲ ಉಳಿಸಿತು. ಬೆಂಗಳೂರಿನ ಕೇಳುಗನಿಗೆ ಆರಂಭದಿಂದಲೂ ಇದ್ದದ್ದು ಒಂದೇ ಸಂಸ್ಥೆ. ಅದನ್ನು ಉಳಿಸುವವರು ಯಾರೂ ಬರಲಿಲ್ಲ.

ಕೈಕೊಟ್ಟ ಚಂದಾ

ವರ್ಲ್ಡ್‌ಸ್ಪೇಸ್‌ನ ಮಾತೃಸಂಸ್ಥೆ 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೋರಿ ಅರ್ಜಿ ಸಲ್ಲಿಸಿತು. ವಿಶ್ವದಾದ್ಯಂತ ಅದಕ್ಕಿದ್ದ ಚಂದಾದಾರರಲ್ಲಿ ಬಹುಪಾಲು ಜನ ಭಾರತೀಯರೇ ಆಗಿದ್ದರು. ಆದರೂ ಆಸ್ತಿ ಕೊಳ್ಳಲು ಮುಂದೆ ಬಂದವರಿಗೆ ಭಾರತದ ಚಂದಾ ವ್ಯವಹಾರ ಬೇಕಾಗಿರಲಿಲ್ಲ. 2009ರ ಡಿಸೆಂಬರ್‌ನ ಕೊನೆಯ ದಿನಗಳಲ್ಲಿ ಚಂದಾದಾರರಿಗೆ ಸೂಚನೆ ತಲುಪಿತು. ತಿಂಗಳ ಕೊನೆಗೆ ಪ್ರಸಾರ ನಿಂತಿತು. ಮುಂಗಡವಾಗಿ ಕಟ್ಟಿದ ಹಣದ ಉಳಿಕೆ ಅವಧಿ ದೂರದ ದಿವಾಳಿ ಪ್ರಕ್ರಿಯೆಯ ಪಾಲಾಯಿತು. ಬೇರೆ ಯಾವ ಪ್ರಸಾರವನ್ನೂ ಹಿಡಿಯಲಾರದ ಉಪಗ್ರಹ ಪೆಟ್ಟಿಗೆ ಶೋಕೇಸಿನ ವಸ್ತುವಾಯಿತು.

ಇದೇ ಅವಧಿಯಲ್ಲಿ ದೂರದರ್ಶನ ವೀಕ್ಷಕರ ಸ್ಥಿತಿ ಹೇಗಿತ್ತು ಎಂಬುದನ್ನು ಹೋಲಿಸಿ ನೋಡಬೇಕು. ಡಿಟಿಎಚ್ ಸೇವೆಗೆ ಪರವಾನಗಿ ಪದ್ಧತಿ ಇತ್ತು. ಸೇವೆಯ ಗುಣಮಟ್ಟ ಮತ್ತು ದೂರು ಪರಿಹಾರಕ್ಕೆ ಟ್ರಾಯ್ 2007ರಲ್ಲೇ ನಿಯಮ ರೂಪಿಸಿತ್ತು. ಟಿವಿ ವಾಹಿನಿಗಳ ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದೆಂಬ ನಿಯಮ, ಪಾಲನೆ ಎಷ್ಟೇ ಸಡಿಲವಾಗಿದ್ದರೂ, ಪುಸ್ತಕದಲ್ಲಾದರೂ ಇದೆ. ಆಕಾಶದಿಂದಲೇ ಬರುವ ರೇಡಿಯೋಕ್ಕೆ ಚಂದಾ ಕಟ್ಟಿದವನಿಗೆ ಇಂಥದೊಂದು ಚೌಕಟ್ಟೇ ಇರಲಿಲ್ಲ. ನೀತಿಯಿಲ್ಲದ ಸೇವೆಯ ಗಿರಾಕಿ ಕಾನೂನಿನ ಕಣ್ಣಿಗೆ ಬಹುಮಟ್ಟಿಗೆ ಅಗೋಚರನಾಗಿದ್ದ.

ಹಳೆಯ ಪಾಠ

ಕೇಳುಗ ಜಾಹೀರಾತನ್ನು ದ್ವೇಷಿಸುತ್ತಾನೆ ಎಂಬುದು ಪೂರ್ಣಸತ್ಯವಲ್ಲ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ದೇಶದ ಕೇಳುಗರು ರೇಡಿಯೋ ಸಿಲೋನ್‌ಗೆ ವಲಸೆ ಹೋದರು. ಆಕಾಶವಾಣಿಯಲ್ಲಿ ಆಗ ಜಾಹೀರಾತಿರಲಿಲ್ಲ. ಸಿಲೋನ್‌ನಲ್ಲಿ ಧಾರಾಳವಾಗಿತ್ತು. ಜಾಹೀರಾತನ್ನು ಸಹಿಸಿಯೂ ಜನ ಅಲ್ಲಿಗೆ ಹೋದದ್ದು ಬೇಕಾದ ಹಾಡು ಅಲ್ಲಿದ್ದುದರಿಂದ. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಈ ವಲಸೆಯ ಫಲ. ಹತ್ತು ವರ್ಷಗಳ ನಂತರ, 1967ರಲ್ಲಿ, ಅಲ್ಲಿಗೂ ಜಾಹೀರಾತು ಪ್ರವೇಶಿಸಿತು.

ರೇಡಿಯೋಕ್ಕೆ ಹಣ ಕೊಡುವುದೂ ಕನ್ನಡಿಗರಿಗೆ ಹೊಸದಾಗಿರಲಿಲ್ಲ. 1980ರ ದಶಕದ ಮಧ್ಯದವರೆಗೂ ಮನೆಯ ರೇಡಿಯೋಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುವ ಪದ್ಧತಿಯಿತ್ತು. ಆ ಹಣ ಸಲ್ಲುತ್ತಿದ್ದುದು ಸರ್ಕಾರಕ್ಕೆ, ಆದ್ದರಿಂದ ಸೇವೆಯ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಕೇಳಬಹುದಿತ್ತು. ಖಾಸಗಿ ಚಂದಾದಾರನಿಗೆ ಆ ದಾರಿಯೂ ಇಲ್ಲ.

ಉತ್ತರ ಬೆಂಗಳೂರಿಗೆ ಈ ಸಾರ್ವಜನಿಕ ಪ್ರಸಾರದ ಪರಂಪರೆ ಹತ್ತಿರದ್ದೇ. ಜಾಲಹಳ್ಳಿಯ ಬಿಇಎಲ್ ಆಕಾಶವಾಣಿಗೆ ಪ್ರಸಾರ ಯಂತ್ರಗಳನ್ನು ತಯಾರಿಸಿಕೊಟ್ಟ ಸಂಸ್ಥೆ. ಯಲಹಂಕದಲ್ಲಿ 1990ರ ದಶಕದಲ್ಲಿ ಸ್ಥಾಪನೆಯಾದ 500 ಕಿಲೋವ್ಯಾಟ್ ಶಾರ್ಟ್‌ವೇವ್ ಪ್ರಸಾರಕಗಳು ಭಾರತದ ದನಿಯನ್ನು ಹೊರದೇಶಗಳಿಗೆ ತಲುಪಿಸಿದವು. ಆಕಾಶವಾಣಿ ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ 100.1ರಲ್ಲಿ 'ಅಮೃತವರ್ಷಿಣಿ' ಎಫ್‌ಎಂ ನಡೆಸಿತು. 2016ರ ಜನವರಿ 26ರಂದು ಬೆಂಗಳೂರಿನಿಂದಲೇ 'ರಾಗಂ' ಎಂಬ 24 ಗಂಟೆಗಳ ಶಾಸ್ತ್ರೀಯ ವಾಹಿನಿ ಆರಂಭಿಸಿತು. ವರ್ಲ್ಡ್‌ಸ್ಪೇಸ್‌ನ 'ಶ್ರುತಿ' ನಿಂತಾಗ ನಿರ್ವಾತವುಂಟಾಯಿತು ಎಂದು ಹಳಹಳಿಸಿದವರಿಗೆ ಈ ಸರ್ಕಾರಿ ವಾಹಿನಿಗಳ ಮಹತ್ವ ತಿಳಿಯಬೇಕು. ಇಂಥ ವಾಹಿನಿಗೆ ಹಣಕಾಸಿನ ಕತ್ತರಿ ಬಿದ್ದಾಗ ದನಿಯೆತ್ತುವವರು ಕೇಳುಗರಲ್ಲದೆ ಬೇರಾರೂ ಇರುವುದಿಲ್ಲ.

ಮೊಬೈಲಿನಲ್ಲಿ ಅದೇ ಕಥೆ

ಈಗ ಉಪಗ್ರಹದ ಜಾಗದಲ್ಲಿ ಅಂತರ್ಜಾಲವಿದೆ. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದದ್ದು ಉಚಿತಕ್ಕೆ ಜಾಹೀರಾತು, ಹಣಕ್ಕೆ ಮೌನ ಎಂಬ ಸೂತ್ರದೊಂದಿಗೆ. 2022ರಲ್ಲಿ ಗಾನಾ ತನ್ನ ಉಚಿತ ಸೇವೆಯನ್ನು ನಿಲ್ಲಿಸಿ ಚಂದಾ ಕಟ್ಟುವವರಿಗಷ್ಟೇ ಎಂದಿತು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಸೇವೆಯನ್ನು ಮುಚ್ಚುವುದಾಗಿ ಘೋಷಿಸಿತು. ವೀಡಿಯೋ ಕ್ಷೇತ್ರದಲ್ಲಂತೂ ಅಮೆಜಾನ್ ಪ್ರೈಮ್ 2025ರ ಜೂನ್ 17ರಿಂದ ಚಂದಾದಾರರಿಗೂ ಜಾಹೀರಾತು ತೋರಿಸತೊಡಗಿತು. ಅದು ಬೇಡವಾದವರು ವರ್ಷಕ್ಕೆ 699 ರೂಪಾಯಿ ಹೆಚ್ಚುವರಿಯಾಗಿ ತೆರಬೇಕೆಂದಿತು. ಎಕ್ಸ್ಎಂ ಕೇಳುಗರು 2006ರಲ್ಲಿ ಅನುಭವಿಸಿದ್ದನ್ನು ಭಾರತದ ವೀಕ್ಷಕ 2025ರಲ್ಲಿ ಅನುಭವಿಸಿದ. 'ಜಾಹೀರಾತಿಲ್ಲ' ಎಂಬುದು ಹಕ್ಕಲ್ಲ, ಸಂಸ್ಥೆ ತನಗೆ ಬೇಕಾದಾಗ ಹಿಂಪಡೆಯಬಹುದಾದ ರಿಯಾಯಿತಿ ಎಂಬುದು ಸ್ಪಷ್ಟವಾಗಿದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಹೊಸ ರೂಪ ಪಡೆದಿದೆ, ನಿಜ. ಆದರೆ ಕೆಲವು ನೂರು ರೂಪಾಯಿಗಾಗಿ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಲಕ್ಷಾಂತರ ಜನರ ಸಣ್ಣ ಸಣ್ಣ ನಷ್ಟ ಸೇರಿ ದೊಡ್ಡ ಮೊತ್ತವಾಗುವ ಇಂಥ ಪ್ರಕರಣಗಳಲ್ಲಿ ವ್ಯಕ್ತಿಗತ ದೂರು ಪರಿಹಾರವಾಗಲಾರದು. ಅದಕ್ಕೆ ನಿಯಮವೇ ಬೇಕು. ಮುಂಗಡ ಚಂದಾ ಪಡೆದ ಸೇವೆ ಅವಧಿಗೆ ಮುನ್ನ ನಿಂತರೆ ಉಳಿಕೆ ಹಣ ತಾನಾಗಿಯೇ ಮರಳಬೇಕು. ಚಂದಾ ಅವಧಿಯ ನಡುವೆ ಜಾಹೀರಾತು ಸೇರಿಸುವ ಸಂಸ್ಥೆ, ಒಪ್ಪದವರಿಗೆ ಹಣ ಹಿಂದಿರುಗಿಸಬೇಕು. ಇವೆರಡೂ ಅಸಾಧ್ಯದ ಬೇಡಿಕೆಗಳಲ್ಲ.

ಗುಂಡಿ ತಿರುಗಿಸಿ ನಿಲಯ ಬದಲಿಸುವ ಸ್ವಾತಂತ್ರ್ಯ ಕೇಳುಗನ ಕೈಯಲ್ಲಿ ಯಾವಾಗಲೂ ಇದೆ. ಆದರೆ ಬದಲಿಸಿದ ಜಾಗದಲ್ಲಿ ಕೇಳಬೇಕಾದ ಸಂಗೀತ ಇರಬೇಕಾದರೆ ಸಾರ್ವಜನಿಕ ಪ್ರಸಾರ ಬದುಕಿರಬೇಕು, ಕಟ್ಟಿದ ಹಣಕ್ಕೆ ಕಾನೂನಿನ ಕಾವಲಿರಬೇಕು. ಇವೆರಡೂ ಇಲ್ಲದ ಕಡೆ ಚಂದಾ ಎಂಬುದು ಸೇವೆಯ ಬೆಲೆಯಾಗಿ ಉಳಿಯದು, ಸಂಸ್ಥೆಯೊಂದರ ಆಯುಸ್ಸಿನ ಮೇಲೆ ಕೇಳುಗ ಕಟ್ಟುವ ಬಾಜಿಯಾಗುತ್ತದೆ.