ಹಬ್ಬದ ಮರುದಿನ

ಹಬ್ಬವನ್ನು ವರ್ಣಿಸಿದ ಕವಿಗಳು ನಮ್ಮಲ್ಲಿ ಅನೇಕರಿದ್ದಾರೆ. ಹಬ್ಬದ ಮರುದಿನವನ್ನು ಕುರಿತು ಬರೆದವರು ವಿರಳ. ತಳಿರು ತೋರಣ, ಹೊಸ ಬಟ್ಟೆ, ನೆಂಟರ ಸಡಗರ ಇವೆಲ್ಲ ಕಾವ್ಯಕ್ಕೆ ಸಹಜವಾಗಿ ಒದಗುವ ಸಾಮಗ್ರಿ. ನೆಂಟರನ್ನು ಬಂಡಿ ಹತ್ತಿಸಿ ಬಂದ ಮನೆಯೊಡತಿ ಅಡುಗೆಮನೆಯಲ್ಲಿ ನಿಂತು, ಉಳಿದುದನ್ನು ಏನು ಮಾಡಬೇಕೆಂದು ಯೋಚಿಸುವ ಗಳಿಗೆ ಯಾವ ಅಷ್ಟಾದಶ ವರ್ಣನೆಯಲ್ಲಿಯೂ ಸೇರಿಲ್ಲ. ಆದರೂ ಒಂದು ಮನೆತನದ ವಿವೇಕವನ್ನು ಅಳೆಯಬೇಕಾದರೆ ಹಬ್ಬದ ದಿನದ ಎಲೆಗಿಂತ ಮರುದಿನದ ಮಡಕೆಯನ್ನು ನೋಡುವುದೇ ಹೆಚ್ಚು ಉಚಿತವೆಂದು ನಮಗೆ ತೋರುತ್ತದೆ.

ಮಾಂಸಾಹಾರದ ಮನೆಗಳಲ್ಲಿ ಈ ಯೋಚನೆ ಇನ್ನಷ್ಟು ತೀವ್ರವಾದುದು. ಹೋಳಿಗೆ ಎರಡು ದಿನ ಕಾಯುತ್ತದೆ, ಮಾಂಸ ಕಾಯುವುದಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ಮರುದಿನ, ಕಾರಹುಣ್ಣಿಮೆಯ ಕರಿ, ಊರಮ್ಮನ ಜಾತ್ರೆ, ದಸರೆ, ಬಕ್ರೀದು ಎಂದು ವರ್ಷದಲ್ಲಿ ಹಲವು ಬಾರಿ ಈ ಪ್ರಶ್ನೆ ಮನೆಯ ಹೊಸ್ತಿಲಿಗೆ ಬರುತ್ತದೆ. ಹದವಾಗಿ ಮೇಯ್ದ ಒಂದು ಟಗರಿನಿಂದ ೧೨ರಿಂದ ೧೫ ಕಿಲೋ ಮಾಂಸ ದೊರೆಯಬಹುದು. ಎಷ್ಟು ನೆಂಟರು ಬಂದರೂ ಕೊಂಚ ಉಳಿದೇ ಉಳಿಯುತ್ತದೆ. ಬಿಸಿಲೋ, ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಸುಲಭವಾಗಿ ಮುಟ್ಟುವಂಥದು. ಈ ಬಿಸಿಲನ್ನೇ ಶತ್ರುವಿನಿಂದ ಮಿತ್ರನನ್ನಾಗಿ ಮಾಡಿಕೊಂಡದ್ದು ಇಲ್ಲಿನ ಹೆಣ್ಣುಮಕ್ಕಳ ಬುದ್ಧಿ.

ಆ ವಿದ್ಯೆಯ ಕ್ರಮವನ್ನು ಒಮ್ಮೆ ಗಮನಿಸಬೇಕು. ಮೊದಲ ದಿನವೇ ಮುಗಿಯಬೇಕಾದವು ರಕ್ತ, ಈಲಿ, ಕರುಳು ಮೊದಲಾದ ಬೇಗ ಕೆಡುವ ಭಾಗಗಳು. ಲಂಬಾಣಿಗರು ರಕ್ತ ಮತ್ತು ಒಳಭಾಗಗಳಿಂದ ಮಾಡುವ ಸಳೋಯಿ ಈ ನಿಯಮಕ್ಕೆ ಒಳ್ಳೆಯ ನಿದರ್ಶನ. ತಲೆ, ಕಾಲು, ಎಲುಬುಗಳು ನಿಧಾನವಾಗಿ ಬೆಂದು ಮರುದಿನದ ಸಾರಾಗುತ್ತವೆ. ಬೇಯಿಸಿದ ಸಾರು ಮಿಕ್ಕರೆ ಅದನ್ನು ಮತ್ತೆ ಕುದಿಸಿ, ನೀರನ್ನು ಬತ್ತಿಸಿ, ರೊಟ್ಟಿಗೆ ಹತ್ತುವ ಗಟ್ಟಿ ಪಲ್ಯವನ್ನಾಗಿ ಮಾಡುತ್ತಾರೆ. ಇಲ್ಲವೆ ಅದರಲ್ಲಿ ಜೋಳದ ನುಚ್ಚನ್ನು ಬೇಯಿಸುತ್ತಾರೆ. ಇನ್ನು ಎಲುಬಿಲ್ಲದ ಹಸಿ ಮಾಂಸ ಉಳಿದರೆ ಅದಕ್ಕೆ ಬೇರೆಯೇ ದಾರಿ. ಅದನ್ನು ಎಳೆಯ ಉದ್ದಕ್ಕೆ ತೆಳ್ಳಗೆ ಸೀಳಿ, ಉಪ್ಪು, ಅರಿಸಿನ, ಖಾರದ ಪುಡಿ, ಬೆಳ್ಳುಳ್ಳಿ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ತೂಗುಹಾಕುತ್ತಾರೆ. ಕಾಗೆ ನೊಣಗಳಿಗೆ ಸಿಕ್ಕದಂತೆ ಮೇಲೊಂದು ತೆಳುಬಟ್ಟೆ. ನಾಲ್ಕೈದು ಬಿಸಿಲು ಕಂಡ ಮೇಲೆ ಅದು ಕಟ್ಟಿಗೆಯ ಚಕ್ಕೆಯಂತೆ ಸೆಟೆಯುತ್ತದೆ. ಇದೇ ಒಣಖಂಡ. ಮಳೆಗಾಲದಲ್ಲಿ ಕೆಲಸವೂ ಕಾಸೂ ಇಲ್ಲದ ದಿನ ನಾಲ್ಕು ತುಣುಕನ್ನು ಬಿಸಿನೀರಿನಲ್ಲಿ ನೆನೆಸಿ, ಜಜ್ಜಿ, ಬೇಳೆಯೊಂದಿಗೋ ಪುಂಡಿಪಲ್ಯದೊಂದಿಗೋ ಬೇಯಿಸಿದರೆ ಇಡೀ ಮನೆಗೆ ಹಬ್ಬದ ನೆನಪು ಬರುತ್ತದೆ.

ಇದು ಬಡತನದ ಉಪಾಯವೆಂದು ತಳ್ಳಿಹಾಕುವವರಿಗೆ ಒಂದು ಮಾತು ಹೇಳಬೇಕು. ಉಪ್ಪು ಮಾಂಸದೊಳಗಿನ ನೀರನ್ನು ಸೆಳೆಯುತ್ತದೆ, ಬಿಸಿಲು ಅದನ್ನು ಆರಿಸುತ್ತದೆ. ನೀರಿಲ್ಲದೆಡೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ದಕ್ಷಿಣ ಆಫ್ರಿಕದ ಬಿಲ್ಟಾಂಗ್, ಆಂಡೀಸ್ ಪರ್ವತದ ಚಾರ್ಕಿ ಇವೆಲ್ಲ ಇದೇ ತತ್ತ್ವವನ್ನು ಬೇರೆಬೇರೆ ನೆಲದಲ್ಲಿ ಕಂಡುಕೊಂಡ ಜನರ ಸೃಷ್ಟಿಗಳು. ಬಕ್ರೀದಿನ ಅನಂತರದ ಮೂರು ದಿನಗಳಿಗೆ ಅರಬೀ ಭಾಷೆಯಲ್ಲಿ ತಶ್ರೀಕ್ ದಿನಗಳೆಂದು ಹೆಸರು. ಕುರ್ಬಾನಿಯ ಮಾಂಸವನ್ನು ಸೀಳಿ ಬಿಸಿಲಿಗೆ ಒಣಗಿಸುವುದರಿಂದ ಆ ಹೆಸರು ಬಂದಿತೆಂದು ವಿದ್ವಾಂಸರು ವಿವರಿಸುತ್ತಾರೆ. ಉಳಿದುದನ್ನು ಕಾಪಿಡುವ ಕೆಲಸ ಅಲ್ಲಿ ಪಂಚಾಂಗದಲ್ಲಿಯೇ ಸ್ಥಾನ ಪಡೆದಿದೆ. ನಮ್ಮ ಕರಿಯೂ ಹಬ್ಬದ ಬೆನ್ನಿಗೇ ಬರುವ ದಿನ. ಅದಕ್ಕೆ ಪಂಚಾಂಗದಲ್ಲಿ ಸ್ಥಾನ ಸಿಕ್ಕಿತು, ಪಠ್ಯಪುಸ್ತಕದಲ್ಲಿ ಸಿಗಲಿಲ್ಲ.

ಇಲ್ಲಿಂದ ನಮ್ಮ ಪ್ರಶ್ನೆ ಸಾಹಿತ್ಯದ ಕಡೆಗೆ ತಿರುಗುತ್ತದೆ. ಕನ್ನಡ ನಾಡು ಪಾಕಶಾಸ್ತ್ರದಲ್ಲಿ ಹಿಂದುಳಿದುದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಹನ್ನೆರಡನೆಯ ಶತಮಾನದ ಮಾಂಸದ ಅಡುಗೆಗಳು ವಿಸ್ತಾರವಾಗಿ ಬಂದಿವೆ. ಆದರೆ ಆ ಗ್ರಂಥ ಸಂಸ್ಕೃತದಲ್ಲಿದೆ. ಕನ್ನಡದಲ್ಲಿ ೧೫೦೮ರ ಸುಮಾರಿಗೆ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಬರೆದನು; ಅವನು ಜೈನನಾದುದರಿಂದ ಅದು ಕೇವಲ ಶಾಕಪಾಕದ ಗ್ರಂಥ. ಅರಸನ ಮಾಂಸದಡುಗೆ ಸಂಸ್ಕೃತಕ್ಕೆ ಸಂದಿತು, ಕನ್ನಡಕ್ಕೆ ಶಾಕಪಾಕ ಸಂದಿತು. ಹೊಲೆಗೇರಿಯ, ಬೇಡರಟ್ಟಿಯ, ಕುರುಬರ ಹಟ್ಟಿಯ ಒಲೆಗೆ ಎರಡರಲ್ಲಿಯೂ ಎಡೆ ದೊರೆಯಲಿಲ್ಲ. ಇದಕ್ಕಾಗಿ ಜೈನ ಕವಿಗಳನ್ನು ನಿಂದಿಸುವುದು ಅನ್ಯಾಯ. ಹಿಟ್ಟಿನ ಕೋಳಿಯ ಬಲಿಯೂ ಜನ್ಮಜನ್ಮಾಂತರಕ್ಕೆ ಬೆನ್ನಟ್ಟುವುದೆಂದು ‘ಯಶೋಧರ ಚರಿತೆ’ಯಲ್ಲಿ ಹೇಳಿದ ಜನ್ನನ ಕಾರುಣ್ಯ ಕನ್ನಡದ ದೊಡ್ಡ ಸಂಪತ್ತುಗಳಲ್ಲೊಂದು. ಆದರೆ ಒಂದು ಸಂಪತ್ತಿನ ಪಕ್ಕದಲ್ಲಿ ಇನ್ನೊಂದನ್ನು ಇಡಲು ಜಾಗವಿಲ್ಲದಷ್ಟು ಕಿರಿದಲ್ಲ ನಮ್ಮ ಭಾಷೆಯ ಅಟ್ಟ.

ಹೊರಗಿನವರು ಈ ಭಾಗವನ್ನು ಕಂಡಿದ್ದರು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿನ ಬೀದಿಬೀದಿಯಲ್ಲಿ ಕುರಿಯ ಮಾಂಸ ಮಾರುವವರನ್ನೂ ಆ ಮಾಂಸದ ಶುಭ್ರತೆಯನ್ನೂ ಮೆಚ್ಚಿ ಬರೆದಿದ್ದಾನೆ. ಮಹಾನವಮಿಯ ಕಡೆಯ ದಿನ ೨೫೦ ಕೋಣಗಳೂ ೪,೫೦೦ ಕುರಿಗಳೂ ಬಲಿಯಾದುವೆಂಬುದು ಅವನ ಲೆಕ್ಕ. ಪ್ರವಾಸಿಯ ಕಣ್ಣು ಬಲಿಯನ್ನು ಎಣಿಸಿತು. ಮರುದಿನ ಉರಿದ ಸಾವಿರಾರು ಒಲೆಗಳ ಕಡೆಗೆ ತಿರುಗಲಿಲ್ಲ. ಇಂದು ಮಹಾನವಮಿ ದಿಬ್ಬದ ಮೆಟ್ಟಿಲೇರುವ ನಮ್ಮ ವಿದ್ಯಾರ್ಥಿಗಳು ಆನೆ ಕುದುರೆಗಳ ಸಾಲನ್ನು ನೋಡಿ ಟಿಪ್ಪಣಿ ಬರೆದುಕೊಳ್ಳುತ್ತಾರೆ. ಆ ಊರು ಏನನ್ನು ಉಂಡಿತು, ಉಂಡು ಮಿಕ್ಕುದನ್ನು ಹೇಗೆ ಬಳಸಿತು ಎಂದು ಕೇಳುವುದೂ ಚರಿತ್ರೆಯೇ ಎಂಬುದನ್ನು ಅವರಿಗೆ ಹೇಳಿಕೊಡಬೇಕಾದವರು ನಾವು.

ಮಿಕ್ಕುದನ್ನು ಕುರಿತ ಕನ್ನಡದ ಮಾತುಗಳೇ ಒಂದು ಶಾಸ್ತ್ರದಷ್ಟು ಸೂಕ್ಷ್ಮವಾಗಿವೆ. ತಣ್ ಮತ್ತು ಕೂಳ್ ಸೇರಿ ಆದ ತಂಗೂಳೇ ತಂಗಳು. ಅದು ಬರಿಯ ಆರಿದ ಅನ್ನ, ಅದರಲ್ಲಿ ಅವಮಾನವಿಲ್ಲ. ಎಂಜಲು ಬೇರೆ, ಅದರಲ್ಲಿ ಇನ್ನೊಬ್ಬನ ಬಾಯಿ ತಾಗಿದೆ. ಪ್ರಸಾದ ಇನ್ನೂ ಬೇರೆ. ಅಲ್ಲಿ ಮಿಕ್ಕುದೇ ಮೇಲಿನದು. ಈ ಮೂರರ ನಡುವಣ ಗೆರೆಯನ್ನು ಅಳಿಸಿದ ಕಥೆಗಳು ಹಂಪೆಯ ಸುತ್ತಲೇ ನೆಲೆಸಿರುವುದು ಗಮನಾರ್ಹ. ಕಚ್ಚಿ ರುಚಿ ನೋಡಿದ ಹಣ್ಣನ್ನು ರಾಮನಿಗಿತ್ತ ಶಬರಿಯನ್ನು ಜನ ಪಂಪಾ ಸರೋವರದ ದಂಡೆಯಲ್ಲಿ ತೋರಿಸುತ್ತಾರೆ. ಬೇಟೆಯ ಅಡಗನ್ನು ಸವಿನೋಡಿ ಶಿವನಿಗೆ ಉಣಬಡಿಸಿದ ಬೇಡ ಕಣ್ಣಪ್ಪನ ಕಥೆ ಕಾಳಹಸ್ತಿಯದಾದರೂ ಅದನ್ನು ಕನ್ನಡದ ರಗಳೆಯಲ್ಲಿ ಹಾಡಿದ ಹರಿಹರನು ವಿರೂಪಾಕ್ಷನ ಸನ್ನಿಧಿಯ ಕವಿ. ಅಡಗು, ಬಾಡು, ಖಂಡ ಎಂಬ ಮಾತುಗಳಲ್ಲಿ ಮೊದಲನೆಯದು ಇಂದು ಹಳಗನ್ನಡದ ಪಾಠದಲ್ಲಿ ಮಾತ್ರ ಉಳಿದಿದೆ. ಉಳಿದೆರಡು ಮನೆಯಲ್ಲಿ ಜೀವಂತವಾಗಿವೆ, ಪಾಠದಲ್ಲಿ ಕಾಣವು. ಹರಿಹರನ ಅಡಗನ್ನು ಭಕ್ತಿಯಿಂದ ವ್ಯಾಖ್ಯಾನಿಸುವ ತರಗತಿಯಲ್ಲಿಯೇ ‘ನಮ್ಮ ಮನೆಯಲ್ಲಿ ನಿನ್ನೆ ಖಂಡ’ ಎನ್ನಲು ಹುಡುಗನೊಬ್ಬ ನಾಚುವಂತಾದರೆ, ನಮ್ಮ ಬೋಧನೆಯಲ್ಲಿ ಎಲ್ಲಿಯೋ ಊನವಿದೆ.

ಮಿಕ್ಕುದರ ವಿಚಾರದಲ್ಲಿ ಮೈಮರೆಯಬಾರದ ಇನ್ನೊಂದು ಮುಖವಿದೆ. ತನ್ನ ಮನೆಯ ತಂಗಳನ್ನು ತಾನು ಉಣ್ಣುವುದು ಮಿತವ್ಯಯ. ಉಳ್ಳವರ ಮನೆಯ ಎಂಜಲಿಗೆ ಕೈಯೊಡ್ಡುವುದು ಬಹುಕಾಲ ನಮ್ಮ ಸಮಾಜ ಕೆಲವರ ಮೇಲೆ ಹೊರಿಸಿದ ಹೀನಾಯ. ೧೯೨೭ರ ಮಾರ್ಚಿಯಲ್ಲಿ ಮಹಾಡದ ಪರಿಷತ್ತಿನಲ್ಲಿ ಡಾ. ಅಂಬೇಡ್ಕರ್ ಅವರು ತಮ್ಮ ಜನರಿಗೆ ಸತ್ತ ದನದ ಮಾಂಸವನ್ನೂ ಎಸೆದ ತುತ್ತನ್ನೂ ಬಿಟ್ಟುಬಿಡಿರೆಂದು ಕರೆಯಿತ್ತದ್ದು ಈ ಹೀನಾಯದ ವಿರುದ್ಧ. ಆದುದರಿಂದ ಉಳಿದುದನ್ನು ಬಡವರಿಗೆ ಕೊಡಿರಿ ಎಂಬ ಸುಲಭದ ಉಪದೇಶ ನಮ್ಮ ಬಾಯಿಂದ ಬರಲಾರದು. ಕೊಡುವುದಾದರೆ ಉಣ್ಣುವ ಮುನ್ನ ಕೊಡಬೇಕು. ಬಕ್ರೀದಿನಲ್ಲಿ ಮಾಂಸವನ್ನು ಮೂರು ಪಾಲು ಮಾಡಿ ಒಂದನ್ನು ಮನೆಗೆ, ಒಂದನ್ನು ಬಂಧುಮಿತ್ರರಿಗೆ, ಒಂದನ್ನು ಬಡವರಿಗೆ ಎಂದು ವಿನಿಯೋಗಿಸುವ ಸಂಪ್ರದಾಯದಲ್ಲಿ ಈ ವಿವೇಕವಿದೆ. ಅಲ್ಲಿ ಬಡವನಿಗೆ ಸಲ್ಲುವುದು ಪಾಲು, ಮಿಗುತೆಯಲ್ಲ. ಹಸಿಯಾಗಿರುವಾಗಲೇ ನೆರೆಮನೆಗೆ ಪಾಲು ಕಳುಹಿಸುವ ನಮ್ಮ ಹಳ್ಳಿಗಳ ವಾಡಿಕೆಯೂ ಇದೇ ಜಾತಿಯದು.

ಶೀತಕಪೆಟ್ಟಿಗೆ ಬಂದ ಮೇಲೆ ಈ ವಿದ್ಯೆಯೆಲ್ಲ ಏಕೆ ಎಂದು ಕೇಳುವವರುಂಟು. ಪೆಟ್ಟಿಗೆಯಿಂದ ಉಪಕಾರವಾಗಿರುವುದು ನಿಜ. ಅದು ವಿವೇಕಕ್ಕೆ ಬದಲಿಯಲ್ಲ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ೫ ಡಿಗ್ರಿಗಿಂತ ತಣ್ಣಗೆ ಇಡಬೇಕು, ಮತ್ತೆ ಬಿಸಿಮಾಡುವಾಗ ಒಳಗೂ ೭೦ ಡಿಗ್ರಿ ಕಾಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡ ಹಂಡೆಯ ಸಾರು ಇಡೀ ರಾತ್ರಿ ಉಗುರು ಬೆಚ್ಚಗೆ ಕುಳಿತರೆ ಅದರಲ್ಲಿ ವಿಷ ಹುಟ್ಟಲು ಅಷ್ಟೇ ಸಾಕು. ಜಾತ್ರೆಯ ಮರುದಿನ ಊರಿಗೆ ಊರೇ ಆಸ್ಪತ್ರೆ ಸೇರದಿರಬೇಕಾದರೆ ದೊಡ್ಡ ಪಾತ್ರೆಯದನ್ನು ಚಿಕ್ಕ ಪಾತ್ರೆಗಳಿಗೆ ಹಂಚಿ ಬೇಗ ಆರಿಸಬೇಕು, ಉಣ್ಣುವ ಮೊದಲು ಕುದಿ ಬರುವಂತೆ ಕಾಯಿಸಬೇಕು. ಒಣಖಂಡಕ್ಕೂ ಅದರದೇ ಎಚ್ಚರ ಬೇಕು: ತೇವ ಉಳಿದರೆ ಬೂಸಲು, ಮೋಡ ಕವಿದರೆ ಕೇಡು. ಹಿರಿಯರು ಮುರಿದು ನೋಡಿ ಸದ್ದು ಕೇಳಿ ಹದವನ್ನು ತಿಳಿಯುತ್ತಿದ್ದುದು ಮೂಢಾಚಾರವಲ್ಲ, ಪರೀಕ್ಷೆ.

ಈ ಎಲ್ಲವನ್ನು ಇಂದು ಹೇಳುವುದಕ್ಕೆ ಕಾರಣವಿದೆ. ೨೦೨೪ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ೮೭ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಬಂಧನೆಯಲ್ಲಿ ಮಾಂಸಾಹಾರವನ್ನು ಮದ್ಯ ತಂಬಾಕುಗಳ ಸಾಲಿನಲ್ಲಿ ನಿಲ್ಲಿಸಿದ್ದು ನಾಡಿನಲ್ಲೆಲ್ಲ ಚರ್ಚೆಗೆ ಕಾರಣವಾಯಿತು. ಸಮ್ಮೇಳನದ ಪಂಕ್ತಿಯಲ್ಲಿ ಏನನ್ನು ಬಡಿಸಬೇಕೆಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಆದರೆ ಕೇಂದ್ರ ಸರ್ಕಾರದ ೨೦೧೪ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ಇಷ್ಟು ಜನರ ಅಡುಗೆಮನೆಯ ಪದಸಂಪತ್ತನ್ನು ವ್ಯಸನಗಳ ಪಟ್ಟಿಯ ಪಕ್ಕದಲ್ಲಿ ನೋಡುವ ಕಣ್ಣು ಸಾಹಿತ್ಯದ ಕಣ್ಣಾಗಲಾರದು. ಕುವೆಂಪು ಅವರು ‘ಕಾನೂರು ಹೆಗ್ಗಡಿತಿ’ಯಲ್ಲಿ ಮಲೆನಾಡಿನ ಬೇಟೆಯನ್ನೂ ಊಟವನ್ನೂ ಸಂಕೋಚವಿಲ್ಲದೆ ಚಿತ್ರಿಸಿ ಎಷ್ಟೋ ದಶಕಗಳಾದುವು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಂಥ ಆತ್ಮಕಥನಗಳು ಕೇರಿಯ ಬದುಕನ್ನು ತಲೆಯೆತ್ತಿ ಹೇಳಿದುವು. ತುಂಗಭದ್ರೆಯ ಬಯಲಿನ ಒಣಖಂಡಕ್ಕೂ ಅಂಥ ಲೇಖನಿ ದೊರೆಯಲೇಬೇಕು.

ಲೇಖನಿ ದೊರೆಯುವ ಮುನ್ನ ಆಗಬೇಕಾದ ಕೆಲಸವೊಂದಿದೆ. ಅದು ನಮ್ಮ ಅಧ್ಯಾಪಕರದು, ವಿದ್ಯಾರ್ಥಿಗಳದು. ಮಾಂಸದ ಭಾಗಗಳ ಹೆಸರು, ಸೀಳುವ ರೀತಿಗಳ ಹೆಸರು, ಹದದ ಮಾತು, ಒಣಗಿಸುವಾಗಿನ ನಂಬಿಕೆ, ಪಾಲಿನ ಕಟ್ಟಳೆ ಇವೆಲ್ಲ ವೃದ್ಧೆಯರ ನಾಲಗೆಯ ಮೇಲಿವೆ. ಕಂಪ್ಲಿಯ ಮಾತು ಸಂಡೂರಿನದಲ್ಲ, ಕೇರಿಯದು ತಾಂಡಾದ್ದಲ್ಲ. ಮಟನ್ ಎಂಬ ಒಂದೇ ಮಾತು ಅಂಗಡಿಯ ಫಲಕದಿಂದ ಇಳಿದು ಇವೆಲ್ಲವನ್ನೂ ನುಂಗುತ್ತಿದೆ. ೧೯೯೧ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯ ಹಂಪೆಯ ಮಗ್ಗುಲಿನಲ್ಲೇ ಇದೆ, ಸುತ್ತಲೂ ಕಾಲೇಜುಗಳಿವೆ. ಮುಂದಿನ ಹಬ್ಬದ ರಜೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಅಜ್ಜಿಯ ಬಳಿ ಕುಳಿತು ಹತ್ತು ಮಾತುಗಳನ್ನು ಬರೆದು ತಂದರೆ ಒಂದು ವರ್ಷದಲ್ಲಿ ಒಂದು ಚಿಕ್ಕ ನಿಘಂಟೇ ಸಿದ್ಧವಾದೀತು. ಮಾಂಸ ತಿನ್ನದ ಮನೆಯ ವಿದ್ಯಾರ್ಥಿ ತನ್ನ ಮನೆಯ ಸಂಡಿಗೆ, ಬಾಳಕ, ಉಪ್ಪಿನಕಾಯಿಗಳ ಮಾತನ್ನು ತರಲಿ. ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅದೇ ಉಪ್ಪು, ಅದೇ ಬಿಸಿಲು, ಅದೇ ಎಚ್ಚರ ಎರಡರಲ್ಲಿಯೂ ಕಂಡುಬರುತ್ತವೆ. ಆ ಅರಿವು ತರಗತಿಯಲ್ಲಿ ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಕೊಂದ ಜೀವದ ವಿಷಯದಲ್ಲಿ ಮನುಷ್ಯನಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆಯೊಂದಿದೆ: ಅದರಲ್ಲಿ ಒಂದು ತುಣುಕೂ ತಿಪ್ಪೆಗೆ ಬೀಳಬಾರದು. ಜನ್ನನ ಕರುಣೆಯನ್ನು ಪೂರ್ತಿಯಾಗಿ ಪಾಲಿಸಲಾರದವರು ಇಷ್ಟನ್ನಾದರೂ ಪಾಲಿಸಬಹುದು. ನಮ್ಮ ಹಳ್ಳಿಯ ತಾಯಂದಿರು ಅದನ್ನು ಬೋಧೆಯಿಲ್ಲದೆ ಪಾಲಿಸಿಕೊಂಡು ಬಂದಿದ್ದಾರೆ. ಅವರ ಆ ಜಾಣ್ಮೆಯ ಮಾತುಗಳನ್ನು ವ್ಯರ್ಥವಾಗದಂತೆ ಕಾಪಿಡುವುದು ಕನ್ನಡವನ್ನು ಓದುವವರ, ಓದಿಸುವವರ ಪಾಲಿಗೆ ಬಂದ ಕೆಲಸ.